ಸೂರ್ಯನ ಕಾಲ್‌ಷೀಟು

ಹೀರೋ ಕಾಲ್‌ಷೀಟಿಗಾಗಿ ನಿರ್ಮಾಪಕರು ಅಲೆಯುವ ಕಥೆ ನಿಮಗೆಲ್ಲ ಗೊತ್ತು. ನಾನು ಅಲೆದದ್ದು ಸೂರ್ಯನ ಕಾಲ್‌ಷೀಟಿಗೆ!

ಮೊಣಕಾಲು ಸೋತು ಮನೆ ಹಿಡಿದಿದ್ದ ನಮ್ಮ ಆಯಿ ಒಂದಿನ, "ಜೋತಿಬಾ ಗುಡ್ಡದಾಗಿನ ಮುಂಜಾನಿ ಇನ್ನೊಮ್ಮೆ ತೋರ್ಸೋ ತಮ್ಮಾ" ಅಂದಳು. ಕ್ಯಾಮರಾ ಹೆಗಲಿಗೇರಿಸಿ ಸತ್ತಿಯಿಂದ ಕೊಲ್ಲಾಪುರ, ಅಲ್ಲಿಂದ ಗುಡ್ಡ.

ಮೊದಲ ಸಲ ಶ್ರಾವಣ. ಬರೀ ಮೋಡ, ಸೂರ್ಯ ಸೆಟ್ಟಿಗೇ ಬರಲಿಲ್ಲ. ಎರಡನೇ ಸಲ ಬೇಸಿಗೆ. ಬಂದ, ಆದರೆ ಧೂಳಿನ ಮಬ್ಬಿನಲ್ಲಿ ಮುಖವೇ ಇಲ್ಲ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್'ಗೆ ಕನ್ನಡಿ ಹಿಡಿದು ಬಿಸಿಲಕೋಲನ್ನೇ ಸ್ಟುಡಿಯೋದೊಳಗೆ ತಂದರು. ಗುಡ್ಡದ ಮೇಲೆ ನಾನ್ಯಾವ ಕನ್ನಡಿ ಹಿಡೀಲಿ? ಸಂಜೆ ಸೂರ್ಯನನ್ನೇ ಬೆಳಗಿನವನೆಂದು ತೋರಿಸುವುದು ಸಿನಿಮಾದಲ್ಲುಂಟು. ಆಯಿಗೆ ಆ ಮೋಸ ಬೇಡ ಅನ್ನಿಸಿತು.

ಮೂರನೇ ಸಲ ಕಾರ್ತಿಕದ ಚಳಿ. ನೆಲ ಇನ್ನೂ ಹಸಿ, ರಾತ್ರಿಯೆಲ್ಲ ಆಕಾಶ ಶುಭ್ರ, ಗಾಳಿಯಿಲ್ಲ. ಮಂಜು ಕೂಡೋದೇ ಅಂಥ ಹೊತ್ತಿಗೆ. ಕೆಳಗೆ ಪಂಚಗಂಗೆಯ ಬಯಲೆಲ್ಲ ಹಾಲು! ಅದೇ ನೀರು ನರಸೋಬಾವಾಡಿಯಲ್ಲಿ ಕೃಷ್ಣೆಗೆ ಕೂಡಿ ನಮ್ಮೂರ ದಡಕ್ಕೆ ಬರುತ್ತದೆ. ಕೆಂಪು ಗೆರೆ ಮೂಡಿತು. ಆಕಾಶಕ್ಕೆ ಎಕ್ಸ್‌ಪೋಷರ್ ಹೊಂದಿಸಿದರೆ ನೆಲ ಕಪ್ಪು, ನೆಲಕ್ಕೆ ಹೊಂದಿಸಿದರೆ ಆಕಾಶ ಬಿಳಿ. ನಡುವೆ ಹಿಡಿದು ಒತ್ತಿದೆ. ಸಿಕ್ಕಿತು ಮಿತ್ರರೇ!

ದೊಡ್ಡ ಪ್ರಿಂಟು ಹಾಕಿಸಿ ಆಯಿಯ ಕೈಗಿತ್ತೆ. ಕಣ್ಣಿಗೆ ಹತ್ತಿರ ಹಿಡಿದು ಮೂಲೆಮೂಲೆ ಹುಡುಕಿದಳು.

"ಚಂದ ಐತಿ. ಖರೇ, ಜೋತಿಬಾನ ಶಿಖರ ಎಲ್ಲೈತೋ?"

ಗುಡಿಗೆ ಬೆನ್ನು ಮಾಡಿ ನಿಂತಿದ್ದೆ!

ರವಿವಾರ ಜೋತಿಬಾನ ವಾರ. ಮತ್ತೆ ಬಸ್ಸು ಹತ್ತುತ್ತೇನೆ.