ಉತಾರ ನೋಡ್ರಿ, ತಿದ್ದೋಕೆ ಅವಸರ ಬ್ಯಾಡ್ರಿ

ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಕೆಲಸಕ್ಕೆ ಹೋದ ನಮ್ಮ ಚಿಕ್ಕೋಡಿ ಕಡೆಯವರಿಗೆ ಹಬ್ಬಕ್ಕೆ ಊರಿಗೆ ಬಂದಾಗ ಒಂದು ಕೆಲಸ ತಪ್ಪಿದ್ದಲ್ಲ. ಬ್ಯಾಗ್ ಇಳಿಸಿ ಚಹಾ ಕುಡಿಯೋದರೊಳಗೆ ಕಾಕಾ ಒಂದು ಲ್ಯಾಪ್‌ಟಾಪ್ ತಂದು ಮುಂದೆ ಇಡ್ತಾರೆ. "ತಮ್ಮಾ, ಇದು ಭಾಳ ಸ್ಲೋ ಆಗೇತಿ. ನೀ ಇಂಜಿನಿಯರ್ ಅದೀಯಲ್ಲ, ಸ್ವಲ್ಪ ನೋಡು." ನೀವು ಓದಿದ್ದು ಮೆಕ್ಯಾನಿಕಲ್ ಇರಲಿ, ಸಿವಿಲ್ ಇರಲಿ, ತಪ್ಪಿಸಿಕೊಳ್ಳೋ ಹಾಗಿಲ್ಲ.

ನೀವು ಮೊಬೈಲ್ ತೆಗೆದು ಹುಡುಕ್ತೀರಿ. ಒಂದು ವಿಡಿಯೋ ಸಿಗುತ್ತೆ. "ರಿಜಿಸ್ಟ್ರಿ ಓಪನ್ ಮಾಡಿ, ಈ ಕೀ ಡಿಲೀಟ್ ಮಾಡಿ, ಕಂಪ್ಯೂಟರ್ ರಾಕೆಟ್ ಆಗುತ್ತೆ" ಅಂತ ಅದರಲ್ಲಿ ಹೇಳಿರ್ತಾರೆ. ಈ ಸಲದ ಅಂಕಣ ಆ ಡಿಲೀಟ್ ಒತ್ತೋದಕ್ಕೆ ಮುಂಚಿನ ಹತ್ತು ನಿಮಿಷದ ಬಗ್ಗೆ.

ಯಾಕಂದ್ರೆ ಆ ಲ್ಯಾಪ್‌ಟಾಪ್‌ನಲ್ಲಿ ಕಾಕಾನ ಅಂಗಡಿಯ ಜಿಎಸ್‌ಟಿ ಲೆಕ್ಕ ಇರುತ್ತೆ. ತಂಗಿಯ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿಟ್ಟಿರ್ತಾರೆ. ಮದುವೆ ಫೋಟೋ ಇರ್ತವೆ. ಬ್ಯಾಕಪ್ ಮಾತ್ರ ಹೆಚ್ಚಾಗಿ ಎಲ್ಲೂ ಇರೋದಿಲ್ಲ.

ರಿಜಿಸ್ಟ್ರಿ ಅಂದ್ರೆ ಯಾವ ಕಚೇರಿ?

ನಮ್ಮ ಕಡೆ ರಿಜಿಸ್ಟ್ರಿ ಅಂದ್ರೆ ಸಬ್‌ರಿಜಿಸ್ಟ್ರಾರ್ ಕಚೇರಿ ನೆನಪಾಗುತ್ತೆ. ವಿಂಡೋಸ್‌ನ ರಿಜಿಸ್ಟ್ರಿಗೆ ಇನ್ನೂ ಹತ್ತಿರದ ಹೋಲಿಕೆ ಬೇಕಂದ್ರೆ ಹೊಲದ ಉತಾರ ನೆನಪು ಮಾಡಿಕೊಳ್ಳಿ. ದಕ್ಷಿಣದವರು ಪಹಣಿ ಅಂತಾರಲ್ಲ, ಅದೇ. ಒಂದು ಹೊಲದ ದಾಖಲೆ ಹುಡುಕಬೇಕಾದ್ರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್, ಹಿಸ್ಸಾ ಅಂತ ಒಂದೊಂದೇ ಮೆಟ್ಟಿಲು ಇಳಿತೀವಿ. ರಿಜಿಸ್ಟ್ರಿಯಲ್ಲೂ ಹಾಗೇ. ಮೇಲೆ ಐದು ದೊಡ್ಡ ವಿಭಾಗ, ಒಳಗೆ ಫೋಲ್ಡರಿನಂಥ ಕೀಗಳು, ಅವುಗಳೊಳಗೆ ಇನ್ನಷ್ಟು ಕೀಗಳು. ಕೊನೆಗೆ ಬಲಗಡೆ ಒಂದು ಸಾಲು ಕಾಣುತ್ತೆ. ಅದರಲ್ಲಿ ಹೆಸರು, ನಮೂನೆ, ಬೆಲೆ ಅಂತ ಮೂರು ಕಾಲಂ ಇರ್ತವೆ.

ಐದರಲ್ಲಿ ಶುರುವಿಗೆ ಎರಡು ಗೊತ್ತಿದ್ದರೆ ಸಾಕು. 'ಎಚ್‌ಕೀ ಕರೆಂಟ್ ಯೂಸರ್' ಅಂದ್ರೆ ಈಗ ಲಾಗಿನ್ ಆಗಿರುವವರ ಸ್ವಂತ ಸೆಟ್ಟಿಂಗ್. 'ಎಚ್‌ಕೀ ಲೋಕಲ್ ಮಷೀನ್' ಅಂದ್ರೆ ಇಡೀ ಕಂಪ್ಯೂಟರಿಗೆ ಸಂಬಂಧಿಸಿದ್ದು. ಮೊದಲನೆಯದರಲ್ಲಿ ಎಡವಿದರೆ ಹೆಚ್ಚಾಗಿ ಒಬ್ಬರಿಗೆ ತೊಂದರೆ. ಎರಡನೆಯದರಲ್ಲಿ ಎಡವಿದರೆ ಕಂಪ್ಯೂಟರೇ ಏಳದೆ ಇರಬಹುದು.

ಇದು ಇವತ್ತಿನದಲ್ಲ. 1992ರ ವಿಂಡೋಸ್ 3.1ರಲ್ಲೇ ಸಣ್ಣ ರೂಪದಲ್ಲಿ ಬಂದಿತ್ತು. ಆಗ ಪ್ರತಿ ಪ್ರೋಗ್ರಾಮಿಗೂ ಒಂದೊಂದು ಐಎನ್‌ಐ ಫೈಲು, ಒಂದಿಲ್ಲಿ ಒಂದಲ್ಲಿ. ವಿಂಡೋಸ್ 95 ಬರುವ ಹೊತ್ತಿಗೆ ಸೆಟ್ಟಿಂಗ್‌ಗಳೆಲ್ಲ ಒಂದೇ ಕಡೆ ಸೇರತೊಡಗಿದವು. ಮನೆಮನೆಯ ಟ್ರಂಕಿನಲ್ಲಿದ್ದ ಕಾಗದಪತ್ರ ತಾಲ್ಲೂಕು ಕಚೇರಿಗೆ ಬಂದ ಹಾಗೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಉತಾರದಲ್ಲಿ ಹೆಸರು ಬದಲಾಗಬೇಕಾದ್ರೆ ಅರ್ಜಿ ಬೇಕು, ನೋಟಿಸ್ ಆಗಬೇಕು, ತಕರಾರಿಗೆ ಅವಧಿ ಕೊಡಬೇಕು, ತಲಾಠಿಯಿಂದ ಮೇಲಿನವರ ತನಕ ಕಾಗದ ಓಡಾಡಬೇಕು. ರಿಜಿಸ್ಟ್ರಿ ಎಡಿಟರ್‌ನಲ್ಲಿ ಇದ್ಯಾವುದೂ ಇಲ್ಲ. ಸೇವ್ ಬಟನ್ ಇಲ್ಲ, ಅನ್‌ಡೂ ಇಲ್ಲ. ಓಕೆ ಒತ್ತಿದ ಕ್ಷಣವೇ ದಾಖಲಾಯ್ತು. ನೋಟಿಸ್ ಕೊಡೋದು, ತಕರಾರು ಎತ್ತೋದು ಎಲ್ಲಾ ನಾವೇ ಮಾಡಿಕೊಳ್ಳಬೇಕು.

ಮೊದಲು ಬರೀ ನೋಡಿ ಬನ್ನಿ

ನೋಡೋದರಿಂದ ಏನೂ ಕೆಡೋದಿಲ್ಲ. ಹೆದರಿಕೆ ಹೋಗಲಿ ಅಂತ ಒಂದು ಚಿಕ್ಕ ಪ್ರವಾಸ ಹೇಳ್ತೀನಿ, ಅದೂ ನಮ್ಮ ಗಡಿ ಭಾಗದವರಿಗೆ ಸರಿಹೊಂದೋದು. ನಿಪ್ಪಾಣಿ, ಕಾಗವಾಡದ ಕಡೆ ಡಿಟಿಪಿ ಅಂಗಡಿ ನಡೆಸೋರಿಗೆ ಕನ್ನಡನೂ ಬೇಕು, ಮರಾಠಿನೂ ಬೇಕು. ಬೆಳಿಗ್ಗೆ ಕನ್ನಡದಲ್ಲಿ ಅರ್ಜಿ, ಮಧ್ಯಾಹ್ನ ಮರಾಠಿಯಲ್ಲಿ ಲಗ್ನಪತ್ರಿಕೆ. ಈ ಎರಡು ಕೀಬೋರ್ಡ್ ವಿಂಡೋಸ್‌ಗೆ ನೆನಪಿರೋದು ರಿಜಿಸ್ಟ್ರಿಯಲ್ಲಿ.

ವಿಂಡೋಸ್ ಕೀ ಮತ್ತು 'ಆರ್' ಒಟ್ಟಿಗೆ ಒತ್ತಿ 'ರೆಜ್‌ಎಡಿಟ್' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಅನುಮತಿ ಕೇಳಿದರೆ ಯೆಸ್ ಅನ್ನಿ. ಎಡಗಡೆ 'ಎಚ್‌ಕೀ ಕರೆಂಟ್ ಯೂಸರ್' ತೆರೆಯಿರಿ, ಅದರೊಳಗೆ 'ಕೀಬೋರ್ಡ್ ಲೇಔಟ್', ಅದರೊಳಗೆ 'ಪ್ರಿಲೋಡ್'. ಬಲಗಡೆ 1, 2, 3 ಅಂತ ಸಾಲು ಕಾಣ್ತವೆ. ಕನ್ನಡ ಕೀಬೋರ್ಡ್ ಹಾಕಿಕೊಂಡಿದ್ದರೆ ಒಂದು ಸಾಲಿನ ಎದುರು 0000044 ಬರೆದು ಕೊನೆಗೆ ಇಂಗ್ಲಿಷಿನ ಸಣ್ಣ 'ಬಿ' ಇರುತ್ತೆ. ಮರಾಠಿ ಇದ್ದರೆ ಅದೇ 0000044, ಕೊನೆಗೆ 'ಇ'.

ಇವು ವಿಂಡೋಸ್ ಭಾಷೆಗಳಿಗೆ ಕೊಟ್ಟ ಸಂಖ್ಯೆಗಳು. ಬರೆದಿರೋದು ಹದಿನಾರರ ಮಾನದಲ್ಲಿ, ಅಂದ್ರೆ ಹೆಕ್ಸಾಡೆಸಿಮಲ್‌ನಲ್ಲಿ. 9 ಆದ ಮೇಲೆ ಎ, ಬಿ, ಸಿ ಅಂತ ಎಫ್ ತನಕ ಎಣಿಸ್ತಾರೆ. ನಮ್ಮ ಲೆಕ್ಕಕ್ಕೆ ತಂದ್ರೆ ಕನ್ನಡ 1099, ಮರಾಠಿ 1102. ಕೊನೆಯ ಒಂದು ಅಕ್ಷರ ಬದಲಾದ್ರೆ ಭಾಷೆಯೇ ಬದಲಾಯ್ತು. ಅದೇ ಜಾಗದಲ್ಲಿ 'ಎ' ಬಂದ್ರೆ ತೆಲುಗು! ರಿಜಿಸ್ಟ್ರಿಯಲ್ಲಿ ಒಂದು ಅಕ್ಷರದ ತೂಕ ಎಷ್ಟು ಅನ್ನೋದಕ್ಕೆ ನಮ್ಮ ಭಾಗಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ಕೆಲವರ ಕಂಪ್ಯೂಟರಿನಲ್ಲಿ ಬೇರೆ ಸಂಖ್ಯೆ ಕಾಣಬಹುದು. ಉಚ್ಚಾರಣೆಯಂತೆ ಟೈಪ್ ಮಾಡುವ ಕೀಬೋರ್ಡ್ ಹಾಕಿಕೊಂಡಿದ್ದರೂ ಹಾಗಾಗಬಹುದು. ಗಾಬರಿ ಬೇಡ, ಏನನ್ನೂ ಮುಟ್ಟದೆ ಕಿಟಕಿ ಮುಚ್ಚಿ ಹೊರಗೆ ಬನ್ನಿ. ಕೀಬೋರ್ಡ್ ಸೇರಿಸೋದು, ತೆಗೆಯೋದು ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲೇ ಆಗುತ್ತೆ.

ಮೊದಲ ನಿಯಮವೂ ಅದೇ. ಸೆಟ್ಟಿಂಗ್ಸ್‌ನಲ್ಲಿ ಆಗೋ ಕೆಲಸಕ್ಕೆ ರಿಜಿಸ್ಟ್ರಿಗೆ ಹೋಗಬೇಡಿ. ಕಂಪ್ಯೂಟರ್ ಶುರುವಾದ ಕೂಡಲೇ ಹತ್ತು ಪ್ರೋಗ್ರಾಂ ಎದ್ದು ಕೂರ್ತಾವಾ? ಟಾಸ್ಕ್ ಮ್ಯಾನೇಜರ್‌ನ 'ಸ್ಟಾರ್ಟಪ್' ವಿಭಾಗದಲ್ಲಿ ಡಿಸೇಬಲ್ ಮಾಡಿ. ಬೇಕೆನಿಸಿದರೆ ಅಲ್ಲೇ ಮತ್ತೆ ಎನೇಬಲ್ ಮಾಡಬಹುದು.

ತಿದ್ದಲೇಬೇಕು ಅಂದ್ರೆ

ಕೆಲವು ಸಲ ನಿಜವಾಗಿಯೂ ಬೇರೆ ದಾರಿ ಇರೋದಿಲ್ಲ. ಸಾಫ್ಟ್‌ವೇರ್ ಮಾಡಿದ ಕಂಪನಿಯೇ "ಈ ಕೀಯಲ್ಲಿ ಈ ಬೆಲೆ ಹಾಕಿ" ಅಂತ ಹೇಳಿರುತ್ತೆ. ಆಗ ಈ ಕ್ರಮ ಬಿಡಬೇಡಿ.

ಒಂದು, ಮುಖ್ಯ ಫೈಲುಗಳನ್ನ ಮೊದಲು ಪೆನ್‌ಡ್ರೈವ್‌ಗೆ ಹಾಕಿ. ಇದು ರಿಜಿಸ್ಟ್ರಿಯ ಕೆಲಸವಲ್ಲ, ಆದ್ರೆ ರಾತ್ರಿ ನಿದ್ದೆ ಬರಬೇಕಂದ್ರೆ ಇದೇ ಮೊದಲು.

ಎರಡು, ರಿಸ್ಟೋರ್ ಪಾಯಿಂಟ್ ಮಾಡಿ. ಸ್ಟಾರ್ಟ್‌ನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಅಂತ ಹುಡುಕಿ. ಸಿ ಡ್ರೈವ್ ಎದುರು ಪ್ರೊಟೆಕ್ಷನ್ ಆಫ್ ಇದ್ದರೆ ಮೊದಲು ಆನ್ ಮಾಡಿ, ಆಮೇಲೆ ಕ್ರಿಯೇಟ್ ಒತ್ತಿ. ವಿಂಡೋಸ್ ತಾನೇ ಒಂದು ನಕಲು ಇಟ್ಟಿರುತ್ತೆ ಅಂತ ನಂಬಿ ಕೂರಬೇಡಿ. ವಿಂಡೋಸ್ 10ರ 1803ನೇ ಆವೃತ್ತಿಯಿಂದ ರೆಜ್‌ಬ್ಯಾಕ್ ಫೋಲ್ಡರಿಗೆ ತಾನಾಗಿ ನಕಲು ಹಾಕೋದನ್ನ ಮೈಕ್ರೋಸಾಫ್ಟ್ ನಿಲ್ಲಿಸಿದೆ.

ಮೂರು, ನೀವು ಮುಟ್ಟುವ ಕೀಯ ಮೇಲೆ ರೈಟ್ ಕ್ಲಿಕ್ ಮಾಡಿ, 'ಎಕ್ಸ್‌ಪೋರ್ಟ್' ಒತ್ತಿ, ತಾರೀಖು ಹಾಕಿ ಹೆಸರು ಕೊಟ್ಟು ಇಡಿ. ಇದು ಆ ಒಂದು ಪುಟದ ಜೆರಾಕ್ಸ್.

ನಾಲ್ಕು, ದಾರಿ ಅಕ್ಷರಕ್ಕಕ್ಷರ ಸರಿ ಇದೆಯಾ ನೋಡಿ. 2017ರಿಂದ ರಿಜಿಸ್ಟ್ರಿ ಎಡಿಟರ್‌ನಲ್ಲಿ ಮೇಲ್ಗಡೆ ವಿಳಾಸದ ಪಟ್ಟಿ ಇದೆ. ಅಲ್ಲಿ ಪೂರ್ತಿ ದಾರಿಯನ್ನ ಪೇಸ್ಟ್ ಮಾಡಿದರೆ ನೇರ ಅಲ್ಲಿಗೇ ಹೋಗ್ತೀರಿ.

ಐದು, ಸಂಖ್ಯೆ ಹಾಕುವಾಗ ಹೆಕ್ಸಾಡೆಸಿಮಲ್ಲೋ ಡೆಸಿಮಲ್ಲೋ ನೋಡಿ. ಡಿವರ್ಡ್ ಅನ್ನೋ ನಮೂನೆ ತೆರೆದಾಗ ಮೊದಲೇ ಹೆಕ್ಸಾಡೆಸಿಮಲ್ ಆಯ್ಕೆಯಾಗಿರುತ್ತೆ. ಅಲ್ಲಿ 10 ಅಂತ ಹಾಕಿದರೆ ವಿಂಡೋಸ್ 16 ಅಂತ ಓದುತ್ತೆ. ಹಳೆಯ ಬೆಲೆ ಏನಿತ್ತು ಅನ್ನೋದನ್ನ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ.

ಆರು, ಒಂದು ಸಲಕ್ಕೆ ಒಂದೇ ಬದಲಾವಣೆ. ರೀಸ್ಟಾರ್ಟ್ ಮಾಡಿ, ನೋಡಿ, ಆಮೇಲೆ ಮುಂದಿನದು. ಐದು ಕಡೆ ಒಮ್ಮೆಲೇ ತಿದ್ದಿದರೆ ಯಾವುದರಿಂದ ಕೆಟ್ಟಿತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ಹಿಂದಕ್ಕೆ ಹೋಗಬೇಕಾದ್ರೆ ಎಕ್ಸ್‌ಪೋರ್ಟ್ ಮಾಡಿಟ್ಟ ಫೈಲನ್ನ ಡಬಲ್ ಕ್ಲಿಕ್ ಮಾಡಿ. ಒಂದು ಮಾತು ನೆನಪಿರಲಿ. ಆ ಫೈಲು ಹಳೆಯ ಬೆಲೆಗಳನ್ನ ವಾಪಸ್ ಬರೆಯುತ್ತೆ, ಆದ್ರೆ ನೀವು ಹೊಸದಾಗಿ ಸೇರಿಸಿದ್ದನ್ನ ಅಳಿಸೋದಿಲ್ಲ. ಅದನ್ನ ಕೈಯಾರೆ ತೆಗೀಬೇಕು. ಅದಕ್ಕೇ ಏನೇನು ಸೇರಿಸಿದಿರಿ ಅಂತ ಬರೆದಿಡಿ.

ಮೂರು ಕಡೆ ಕೈ ಹಾಕಬೇಡಿ

ಮೊದಲನೆಯದು, ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ರಿಜಿಸ್ಟ್ರಿ ಫೈಲು. ಡಬಲ್ ಕ್ಲಿಕ್ ಮಾಡಿ ಯೆಸ್ ಅಂದ್ರೆ ಅದರಲ್ಲಿದ್ದದ್ದೆಲ್ಲ ಒಳಗೆ ಹೋಯ್ತು. ಮೊದಲು ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಿ. ಚೌಕ ಆವರಣದೊಳಗೆ ಕೀಯ ಹೆಸರಿನ ಮುಂದೆ ಮೈನಸ್ ಚಿಹ್ನೆ ಇದ್ದರೆ ಆ ಕೀಯನ್ನೂ ಅದರೊಳಗಿನದ್ದನ್ನೂ ಪೂರ್ತಿ ಅಳಿಸು ಅಂತ ಅರ್ಥ.

ಎರಡನೆಯದು, 'ರಿಜಿಸ್ಟ್ರಿ ಕ್ಲೀನರ್'. ಇಂಥ ಪ್ರೋಗ್ರಾಂ ಬಳಸೋದನ್ನ ತಾನು ಬೆಂಬಲಿಸೋದಿಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ತಾಲ್ಲೂಕು ಕಚೇರಿಯಲ್ಲಿ ಹಳೇ ಕಡತ ಎಷ್ಟಿದ್ದರೂ ನಿಮ್ಮ ಉತಾರ ತೆಗೆಯಲು ಅದನ್ನೆಲ್ಲ ಓದಬೇಕಿಲ್ಲ, ನಿಮ್ಮ ಸರ್ವೆ ನಂಬರಿಗೆ ಹೋದರಾಯ್ತು. ವಿಂಡೋಸ್ ಕೂಡ ತನಗೆ ಬೇಕಾದ ಕೀಗೆ ನೇರ ಹೋಗುತ್ತೆ. ಕೆಲವು ನೂರು ಹಳೇ ಸಾಲು ತೆಗೆದರೆ ವೇಗ ಬರೋದಿಲ್ಲ. ಕಾಕಾನ ಲ್ಯಾಪ್‌ಟಾಪ್ ನಿಧಾನ ಆಗಿರೋದಕ್ಕೆ ಹೆಚ್ಚಾಗಿ ಕಾರಣ ತಿರುಗೋ ಹಾರ್ಡ್ ಡಿಸ್ಕ್, 4 ಜಿಬಿ ರ‍್ಯಾಮ್, ತುಂಬಿಹೋದ ಸಿ ಡ್ರೈವ್. ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಆಗೋ ವ್ಯತ್ಯಾಸ ಯಾವ ಕ್ಲೀನರ್‌ನಿಂದಲೂ ಆಗಲ್ಲ.

ಮೂರನೆಯದು, ಫೋನ್ ಮಾಡಿ "ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಸ್ಕ್ರೀನ್ ಶೇರ್ ಮಾಡಿ" ಅನ್ನೋರು. ರಿಜಿಸ್ಟ್ರಿ ತೆರೆದು "ನೋಡಿ, ಎಷ್ಟು ಎರರ್" ಅಂತ ಹೆದರಿಸ್ತಾರೆ. ಅಲ್ಲಿ ಕಾಣೋ ವಿಚಿತ್ರ ಅಕ್ಷರಗಳೆಲ್ಲ ಮಾಮೂಲಿ. ಫೋನ್ ಇಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನೊಂದು ಹೊಸ ಆಸೆಯೂ ಶುರುವಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹಳೇ ಲ್ಯಾಪ್‌ಟಾಪ್‌ಗೆ ರಿಜಿಸ್ಟ್ರಿ ತಿದ್ದಿ ವಿಂಡೋಸ್ 11 ಹಾಕೋ ವಿಡಿಯೋಗಳು ಬೇಕಾದಷ್ಟಿವೆ. ಹಾಕಿದರೆ ಕೆಲಸ ಮಾಡಬಹುದು, ಆದ್ರೆ ಮುಂದೆ ಅಪ್‌ಡೇಟ್ ಸಿಗೋ ಖಾತ್ರಿ ಇಲ್ಲ. ಬ್ಯಾಂಕ್ ವ್ಯವಹಾರ ಮಾಡೋ ಅಂಗಡಿ ಕಂಪ್ಯೂಟರ್ ಮೇಲೆ ಈ ಪ್ರಯೋಗ ಬೇಡ. ಆಫೀಸಿನಿಂದ ಕೊಟ್ಟ ಲ್ಯಾಪ್‌ಟಾಪ್ ಆದ್ರೆ ಯಾವ ಪ್ರಯೋಗವೂ ಬೇಡ, ಐಟಿಯವರಿಗೆ ಟಿಕೆಟ್ ಹಾಕಿ.

ಅಷ್ಟಾಗಿಯೂ ಕೆಟ್ಟರೆ

ವಿಂಡೋಸ್ ಮೇಲಿಂದ ಮೇಲೆ ಶುರುವಾಗಲು ಸೋತರೆ ರಿಪೇರಿ ಪರದೆ ತಾನಾಗೇ ಬರುತ್ತೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಆಮೇಲೆ ಸಿಸ್ಟಮ್ ರಿಸ್ಟೋರ್. ನೀವು ಮಾಡಿಟ್ಟ ಪಾಯಿಂಟ್ ಆರಿಸಿದರೆ ರಿಜಿಸ್ಟ್ರಿ ಹಳೆಯ ಸ್ಥಿತಿಗೆ ಹೋಗುತ್ತೆ. ನಿಮ್ಮ ಫೋಟೋ, ಫೈಲು ಮುಟ್ಟೋದಿಲ್ಲ. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದನ್ನ ಮೊದಲೇ ಮೈಕ್ರೋಸಾಫ್ಟ್ ಖಾತೆಯಲ್ಲಿ ನೋಡಿ ಬರೆದಿಟ್ಟುಕೊಳ್ಳಿ.

ಅದೂ ಆಗದೆ ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿ ಕೇಳೋ ಮಾತು ಒಂದೇ, "ಫಾರ್ಮ್ಯಾಟ್ ಹೊಡೀಬೇಕ್ರಿ." ಆಗ ತಲೆ ಆಡಿಸಿಬಿಡಬೇಡಿ. ರಿಜಿಸ್ಟ್ರಿ ಕೆಟ್ಟರೆ ವಿಂಡೋಸ್ ಏಳೋದಿಲ್ಲ ಅಷ್ಟೇ, ಲೆಕ್ಕದ ಫೈಲು ಡಿಸ್ಕ್‌ನಲ್ಲಿ ಹಾಗೇ ಇರುತ್ತೆ. ಅದು ಹೋಗೋದು ಫಾರ್ಮ್ಯಾಟ್ ಮಾಡಿದಾಗ. "ಮೊದಲು ಡಿಸ್ಕ್ ಬೇರೆ ಕಂಪ್ಯೂಟರಿಗೆ ಹಾಕಿ, ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ಕಾಪಿ ಮಾಡಿಕೊಡ್ರಿ, ಆಮೇಲೆ ಫಾರ್ಮ್ಯಾಟ್" ಅಂತ ಹೇಳಿ. ಲೆಕ್ಕದ ಸಾಫ್ಟ್‌ವೇರ್ ತನ್ನ ಡೇಟಾ ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದರೆ ಅದನ್ನೂ ಹೇಳಿ. ಈ ಎರಡು ಮಾತು ಗೊತ್ತಿಲ್ಲದೆ ವರ್ಷಗಟ್ಟಲೆಯ ಲೆಕ್ಕ ಕಳಕೊಳ್ಳೋರಿದ್ದಾರೆ.

ಮುಂದಿನ ಸಲ ಊರಿಗೆ ಹೋದಾಗ ಕಾಕಾ ಲ್ಯಾಪ್‌ಟಾಪ್ ತಂದು ಇಟ್ಟರೆ ಮೊದಲು ಒಂದು ಪೆನ್‌ಡ್ರೈವ್ ಕೇಳಿ. ಲೆಕ್ಕದ ಫೈಲು ಕಾಪಿ ಆಗೋ ತನಕ 'ಪ್ರಿಲೋಡ್' ತೆರೆದು ಆ 'ಬಿ'ಯನ್ನೂ 'ಇ'ಯನ್ನೂ ಅವರಿಗೆ ತೋರಿಸಿ. ನೋಡಿದ್ದಕ್ಕೆ ಏನೂ ಆಗಲ್ಲ. ನಿಮ್ಮ ಪ್ರಿಲೋಡ್‌ನಲ್ಲಿ ಯಾವ ಯಾವ ಭಾಷೆ ಕಂಡವು ಅಂತ ನಮಗೂ ಬರೆದು ತಿಳಿಸಿ.