ತೊಟ್ಟೆಗೊಂದು ಚೀಲ, ದುಡಿಯುವ ಕೈಗೊಂದು ಮರ್ಯಾದೆ



ನಮ್ಮ ಕಾಸರಗೋಡು ಸೀಮೆಯ ಹೆಚ್ಚಿನ ಮನೆಗಳಲ್ಲಿ ಅಡಿಗೆಕೋಣೆಯ ಬಾಗಿಲ ಹಿಂದೆ ಒಂದು ಮೊಳೆ, ಮೊಳೆಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ, ಅದರೊಳಗೆ ತುರುಕಿದ ನೂರಾರು ತೊಟ್ಟೆಗಳು. ಹಾಲಿನದು, ಬ್ರೆಡ್ಡಿನದು, ಬಟ್ಟೆ ಅಂಗಡಿಯದು, ಮೀನಿನದು ಎಲ್ಲವೂ ಒಂದೇ ಗಂಟು. ಕೇರಳ ಸರಕಾರ 2020ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕನ್ನು ನಿಷೇಧಿಸಿತು. 2022ರ ಡಿಸೆಂಬರ್ 31ರಿಂದ ದೇಶದಾದ್ಯಂತ 120 ಮೈಕ್ರಾನಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಕೈಚೀಲಕ್ಕೂ ನಿಷೇಧ ಬಂತು. ಆದರೂ ಮೊಳೆಯ ಮೇಲಿನ ಗಂಟು ಕರಗಿಲ್ಲ.

ಈ ಗಂಟಿನ ಬದಲು ಪ್ರತಿಯೊಂದು ಮನೆಯಲ್ಲೂ ಒಂದು ಬಟ್ಟೆಯ ಚೀಲ ಹೊಲಿದು ತೂಗುಹಾಕಬೇಕೆಂದು ನನ್ನ ಅಭಿಪ್ರಾಯ. ಕಾರ್ಮಿಕರ ಪತ್ರಿಕೆಯಲ್ಲಿ ಹೊಲಿಗೆ ಪಾಠವೇ ಎಂದು ಕೆಲವರು ನಗಬಹುದು. ಆದರೆ ಇದು ಕಾರ್ಮಿಕರ ವಿಷಯವೇ.

ತಿಂಗಳಿಗೊಮ್ಮೆ ನಮ್ಮ ಅಂಗಳಕ್ಕೆ ಬರುವ ಹಸಿರು ಕ್ರಿಯಾ ಸೇನೆಯವರು ಯಾರು? ಕುಟುಂಬಶ್ರೀಯ ಮೂಲಕ ಬಂದ ನಮ್ಮ ನೆರೆಕರೆಯ ಹೆಂಗಸರೇ. ಪಂಚಾಯತುಗಳಲ್ಲಿ ಮನೆಯೊಂದಕ್ಕೆ ಸಾಮಾನ್ಯವಾಗಿ 50 ರೂಪಾಯಿಯಂತೆ ಸಿಗುವ ಶುಲ್ಕವೇ ಅವರ ಮುಖ್ಯ ವರಮಾನ. ಕೂಡಿಸಿದ್ದನ್ನು ಸಂಗ್ರಹ ಕೇಂದ್ರಕ್ಕೆ ಒಯ್ದು, ಹರಡಿ, ಕೈಯಿಂದಲೇ ವಿಂಗಡಿಸಬೇಕು. ತೊಳೆದು ಒಣಗಿಸಿದ ತೊಟ್ಟೆಯಾದರೆ ಮುಂದಿನ ಉಪಯೋಗಕ್ಕೆ ಸಲ್ಲುತ್ತದೆ. ಮೀನಿನ ನೀರು ಸುರಿಯುವ, ಹುಳ ಬಿದ್ದ ತೊಟ್ಟೆಯಾದರೆ ಅದರ ನಾತವೂ ಕೊಳೆಯೂ ಮೊದಲು ತಟ್ಟುವುದು ಆ ಕೈಗಳಿಗೆ. "ಶುಲ್ಕ ಕೊಡುತ್ತೇವಲ್ಲ, ತೊಳೆಯುವುದೂ ನಾವೇ ಏಕೆ?" ಎಂಬ ವಾದವನ್ನು ನಾನು ಒಪ್ಪಲಾರೆ. ನಾವು ಕೊಡುವುದು ಅವರ ದುಡಿಮೆಯ ಕೂಲಿ. ನಮ್ಮ ಹೊಲಸನ್ನು ಅವರ ಮೈಗೆ ಬಳಿಯಲು ಕೊಟ್ಟ ಕ್ರಯವಲ್ಲ.

ಕಂಡಲ್ಲಿ ಎಸೆದರೂ ಕೊನೆಗೆ ಅದನ್ನು ಎತ್ತಬೇಕಾದವನು ಕೂಲಿಯವನೇ. 2024ರ ಜುಲೈಯಲ್ಲಿ ತಿರುವನಂತಪುರದ ರೈಲು ನಿಲ್ದಾಣದ ಅಡಿಯಲ್ಲಿ ಹರಿಯುವ ಆಮಯಿಳಂಜಾನ್ ತೋಡಿಗೆ ಕಸ ತೆಗೆಯಲೆಂದು ಇಳಿದ ಕಾರ್ಮಿಕರೊಬ್ಬರು ಕೊಚ್ಚಿಹೋಗಿ ತೀರಿಕೊಂಡರು. ಆ ತೋಡನ್ನು ಕಟ್ಟಿಹಾಕಿದ್ದ ಕಸದಲ್ಲಿ ಪ್ಲಾಸ್ಟಿಕಿನ ರಾಶಿಯೇ ಇತ್ತು.

ಚೀಲ ಹೊಲಿಯುವುದು ಕಷ್ಟವಲ್ಲ. ಹಳೆಯ ಲುಂಗಿಯಿಂದಲೋ ಹಾಸುಬಟ್ಟೆಯಿಂದಲೋ 22 ಅಂಗುಲ ಉದ್ದ, 18 ಅಂಗುಲ ಅಗಲದ ತುಂಡು ಕತ್ತರಿಸಿ. ಮೇಲಿನ ಮತ್ತು ಕೆಳಗಿನ ಅಂಚನ್ನು ಮುಕ್ಕಾಲು ಅಂಗುಲ ಒಳಕ್ಕೆ ಮಡಚಿ, ಇಲಾಸ್ಟಿಕ್ ತೂರಲು ದಾರಿ ಬಿಟ್ಟು ಹೊಲಿಯಿರಿ. ಮೇಲಕ್ಕೆ 8 ಅಂಗುಲ, ಕೆಳಕ್ಕೆ 5 ಅಂಗುಲ ಇಲಾಸ್ಟಿಕನ್ನು ಪಿನ್ನಿನಿಂದ ಪೋಣಿಸಿ, ತುದಿಗಳನ್ನು ಹೊಲಿದು ಭದ್ರಪಡಿಸಿ. ಬಳಿಕ ಒಳಮೈ ಹೊರಗಾಗುವಂತೆ ಉದ್ದಕ್ಕೆ ಮಡಚಿ, ತೂಗುಹಾಕಲು ಒಂದು ಪಟ್ಟಿಯನ್ನು ಮೇಲ್ತುದಿಯಲ್ಲಿ ಮಡಿಕೆಯ ಒಳಗಿಟ್ಟು, ಬದಿಯನ್ನು ಹೊಲಿಯಿರಿ. ತಿರುಗಿಸಿದರೆ ಎರಡು ಬಾಯಿಯ ಚೀಲ ಸಿದ್ಧ. ಮೇಲಿನಿಂದ ತುರುಕಿ ಕೆಳಗಿನಿಂದ ಎಳೆದರೆ, ಮೊದಲು ಬಂದ ತೊಟ್ಟೆ ಮೊದಲು ಹೊರಬಂದು ಪುನಃ ಅಂಗಡಿಗೆ ಹೋಗುತ್ತದೆ.

ಒದ್ದೆ ತೊಟ್ಟೆಯನ್ನು ಇದರಲ್ಲಿ ಹಾಕಬಾರದು. ಮಳೆಗಾಲದಲ್ಲಿ ಜಗಲಿಯ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸಿ. ಮೀನಿಗೆ ಹೋಗುವಾಗ ಮನೆಯಿಂದಲೇ ಪಾತ್ರೆ ಒಯ್ಯಿರಿ. ಚೀಲ ತುಂಬಿತೆಂದು ಇನ್ನೊಂದು ಚೀಲ ಹೊಲಿಯಬೇಡಿ. ಅಂಗಡಿಯವರಿಗೆ ಬೇಡವೆನ್ನುವ ಕಾಲ ಬಂತೆಂದು ತಿಳಿಯಿರಿ.

ಇನ್ನೊಂದು ಮಾತು. ಇಂಥ ಕೆಲಸವನ್ನು ಸ್ತ್ರೀಸಮಾಜಕ್ಕೋ ಹೊಲಿಗೆ ಕಲಿತ ಹುಡುಗಿಯರಿಗೋ "ಸೇವೆ" ಎಂದು ಹೇಳಿ ವಹಿಸಿಬಿಡುವ ಅಭ್ಯಾಸ ನಮ್ಮಲ್ಲಿದೆ. ತಮ್ಮ ಮನೆಗೆ ಬೇಕಾದ್ದನ್ನು ತಾವೇ ಹೊಲಿದುಕೊಳ್ಳಲಿ. ಗಂಡಸರೂ ಸೂಜಿ ಹಿಡಿಯಲಿ. ಆದರೆ ಊರಿಗೆ ನೂರು ಚೀಲ ಬೇಕೆಂದಾದರೆ ಚೀಲವೊಂದಕ್ಕೆ ಇಷ್ಟು ಮಜೂರಿ ಎಂದು ಮೊದಲೇ ಗೊತ್ತುಮಾಡಬೇಕು. ನೂಲು, ಇಲಾಸ್ಟಿಕ್, ಮೆಶಿನಿನ ಸವೆತ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಬ್ಬ ಸಹೋದರಿಯ ಕೈ ಉಳಿಸಲು ಇನ್ನೊಬ್ಬಳನ್ನು ಬಿಟ್ಟಿ ದುಡಿಸುವುದು ನ್ಯಾಯವೇ?

ಐದು ಸಾವಿರ ಜನರು ಉಂಡ ಮೇಲೆ ಉಳಿದ ತುಂಡುಗಳು ಹನ್ನೆರಡು ಬುಟ್ಟಿ ತುಂಬಿದ ಸಂಗತಿ ನಮಗೆಲ್ಲ ಗೊತ್ತು. ಅವುಗಳನ್ನು ಬಗ್ಗಿ ಹೆಕ್ಕುವ ಕೆಲಸವನ್ನು ಯೇಸುಸ್ವಾಮಿ ತನ್ನ ಹತ್ತಿರದ ಶಿಷ್ಯರಿಗೇ ವಹಿಸಿದರೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಹೆಕ್ಕುವ ಕೆಲಸ ಕೀಳಲ್ಲ. ಹೆಕ್ಕುವವರನ್ನು ಕೀಳಾಗಿ ಕಾಣುವುದು ಕೀಳು.

ಮುಂದಿನ ತಿಂಗಳು ಸೇನೆಯ ಸಹೋದರಿಯರು ಬಂದಾಗ ಅವರನ್ನು ಗೇಟಿನ ಹೊರಗೆ ಕಾಯಿಸಬೇಡಿ. ಒಣಗಿದ ತೊಟ್ಟೆಗಳನ್ನೂ ಶುಲ್ಕವನ್ನೂ ಒಟ್ಟಿಗೆ ಕೊಡಿ. ಕುಡಿಯಲಿಕ್ಕೆ ನೀರು ಬೇಕೇ ಎಂದು ಕೇಳಿ.