ಸಿಮ್ಯುಲೇಟರಿನೊಳಗೆ ಸ್ವಂತ ಕಾರು: ಅಳತೆಯೋ ಊಹೆಯೋ?

ರೇಸ್ ಕಾರನ್ನು ಕಂಪ್ಯೂಟರಿನ ಪರದೆಯ ಮೇಲೆ ಓಡಿಸುವ ಸಿಮ್ಯುಲೇಟರುಗಳು ಇಂದಿನ ತರುಣರಿಗೆ ಹೊಸವಲ್ಲ. ಇಟಲಿಯಲ್ಲಿ ತಯಾರಾಗಿ 2014ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ‘ಅಸೆಟ್ಟೊ ಕೋರ್ಸಾ’ ಅವುಗಳಲ್ಲೊಂದು. ಕಾರ್ಖಾನೆಗಳ ಕಾರುಗಳು ಮಾತ್ರವಲ್ಲದೆ, ಒಬ್ಬನು ರೇಸ್ ಟ್ರ್ಯಾಕಿಗೆಂದೇ ತಾನಾಗಿ ಕಟ್ಟಿಕೊಂಡ ಕಾರನ್ನೂ ಅದರೊಳಗೆ ಸೇರಿಸಲು ಸಾಧ್ಯವಿದೆ. ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಾಗಿ ಕಾಲೇಜು ವಿದ್ಯಾರ್ಥಿಗಳು ಕಟ್ಟುವ ಕಾರುಗಳು ಈ ಬಗೆಯವು.

ಹೀಗೆ ಸೇರಿಸುವಾಗ ಕಾರಿನ ಹೊರ ಆಕಾರವನ್ನು ರಚಿಸುವುದಕ್ಕೇ ಹೆಚ್ಚು ಶ್ರಮ ಸಲ್ಲುವುದುಂಟು. ಆದರೆ ಕಾರು ಹೇಗೆ ಓಡುವುದೆಂಬುದನ್ನು ನಿರ್ಧರಿಸುವುದು ಅದರ ಅಂಕಿಗಳು: ದ್ರವ್ಯರಾಶಿ, ಗುರುತ್ವ ಕೇಂದ್ರದ ಎತ್ತರ, ಸ್ಪ್ರಿಂಗುಗಳ ಬಿಗಿತ, ಎಂಜಿನ್ನಿನ ಶಕ್ತಿ, ಟೈರುಗಳ ಹಿಡಿತ. ಇವನ್ನಾಧರಿಸಿ ಯಂತ್ರವು ನ್ಯೂಟನ್ನನ ಚಲನ ನಿಯಮಗಳ ಲೆಕ್ಕವನ್ನು ಸೆಕೆಂಡಿಗೆ ನೂರಾರು ಬಾರಿ ಮಾಡುತ್ತದೆ. ತಿಳಿಯದ ಅಂಕಿಗಳನ್ನು ಬೇರೊಂದು ಕಾರಿನಿಂದ ಎರವಲು ತಂದು, ಒಂದು ಸುತ್ತಿಗೆ ತಗಲುವ ಕಾಲವು ನಿಜವಾದ ಕಾರಿನದಕ್ಕೆ ಸರಿಹೊಂದುವವರೆಗೆ ತಿದ್ದುವ ರೂಢಿಯಿದೆ. ಈ ರೂಢಿಯು ವಿಜ್ಞಾನಕ್ಕೆ ಸಲ್ಲದೆಂಬುದು ನನ್ನ ಅಭಿಪ್ರಾಯ.

ಏಕೆಂದರೆ ಎರಡು ತಪ್ಪುಗಳು ಸೇರಿ ಒಂದು ಸರಿಯುತ್ತರವನ್ನು ಕೊಡಬಲ್ಲವು. ಎಂಜಿನ್ನಿನ ಶಕ್ತಿಯನ್ನು ಕಡಿಮೆಯಾಗಿಯೂ ಟೈರಿನ ಹಿಡಿತವನ್ನು ಅಧಿಕವಾಗಿಯೂ ನಮೂದಿಸಿದ್ದರೆ, ನೇರ ದಾರಿಯಲ್ಲಿ ಕಳೆದುಕೊಂಡ ಕಾಲವನ್ನು ಕಾರು ತಿರುವುಗಳಲ್ಲಿ ಗಳಿಸಿಕೊಳ್ಳುತ್ತದೆ. ಸುತ್ತಿನ ಕಾಲವೇನೋ ಸರಿಯಾಗುತ್ತದೆ. ಕಾರು ಮಾತ್ರ ಬೇರೆಯಾಗಿರುತ್ತದೆ. ಇಂಥ ಲೆಕ್ಕವನ್ನು ನಂಬಿ ಸ್ಪ್ರಿಂಗನ್ನೋ ಬ್ರೇಕನ್ನೋ ಬದಲಾಯಿಸಿ ನಿಜವಾದ ತಿರುವಿಗೆ ನುಗ್ಗುವವನು ಪರದೆಯ ಮೇಲಿನ ಹಿಡಿತವನ್ನು ನೆಲದ ಮೇಲೆ ಕಾಣಲಾರನು. ಅಲ್ಲಿ ಅಪಾಯಕ್ಕೊಳಗಾಗುವುದು ಅವನ ದೇಹ.

ಅಳತೆಯು ಅಸಾಧ್ಯವೇನಲ್ಲ. ಚಾಲಕನೂ ಸೇರಿ 600 ಕಿಲೋಗ್ರಾಂ ತೂಗುವ, ಎರಡು ಅಚ್ಚುಗಳ ನಡುವೆ 2.4 ಮೀಟರ್ ಅಂತರವುಳ್ಳ ಕಾರೊಂದನ್ನು ಭಾವಿಸಿರಿ. ಸ್ಪ್ರಿಂಗುಗಳು ಕುಗ್ಗದಂತೆ ಬಿಗಿಮಾಡಿ, ಮುಂದಿನ ಚಕ್ರಗಳನ್ನು ತೂಕದ ಯಂತ್ರಗಳ ಮೇಲಿರಿಸಿ, ಹಿಂಭಾಗವನ್ನು ಕಾರು 10 ಡಿಗ್ರಿ ಓರೆಯಾಗುವಷ್ಟು ಎತ್ತಿದರೆ ಮುಂದಿನ ಚಕ್ರಗಳ ಮೇಲಿನ ಭಾರವು ತುಸು ಹೆಚ್ಚುತ್ತದೆ. ಈ ಹೆಚ್ಚಳವು 5 ಕಿಲೋಗ್ರಾಂ ಆಗಿದ್ದರೆ, ಗುರುತ್ವ ಕೇಂದ್ರವು ಚಕ್ರಗಳ ಕೇಂದ್ರಮಟ್ಟಕ್ಕಿಂತ ಸುಮಾರು 11 ಸೆಂಟಿಮೀಟರ್ ಮೇಲಿದೆಯೆಂದು ಸನ್ನೆಯ ನಿಯಮದಿಂದ ಸಿದ್ಧವಾಗುತ್ತದೆ. ಹೆಚ್ಚಳವನ್ನು ಓದುವಲ್ಲಿ ಒಂದೇ ಕಿಲೋಗ್ರಾಂ ತಪ್ಪಾದರೂ ಎತ್ತರದಲ್ಲಿ 2 ಸೆಂಟಿಮೀಟರಿಗೂ ಮಿಕ್ಕಿದ ದೋಷ ಬರುವುದು. ಅಳೆದವನಿಗೆ ಈ ದೋಷದ ಮಿತಿಯಾದರೂ ಗೊತ್ತಿರುತ್ತದೆ. ಊಹಿಸಿದವನಿಗೆ ಅದೂ ತಿಳಿಯದು.

ಸ್ಪ್ರಿಂಗಿನ ಬಿಗಿತವನ್ನು ಪ್ರಯೋಗಶಾಲೆಯ ಹುಕ್ಕನ ನಿಯಮದಿಂದಲೇ ತಿಳಿಯಬಹುದು. ಆದರೆ ಚಕ್ರವು 10 ಮಿಲಿಮೀಟರ್ ಮೇಲೇರಿದಾಗ ಸ್ಪ್ರಿಂಗು 6 ಮಿಲಿಮೀಟರ್ ಮಾತ್ರ ಕುಗ್ಗುವುದಾದರೆ, ಚಕ್ರಕ್ಕೆ ದೊರೆಯುವ ಬಿಗಿತವು ಸ್ಪ್ರಿಂಗಿನದರ 0.6ರ ವರ್ಗ, ಎಂದರೆ 0.36ರಷ್ಟು ಮಾತ್ರ ಎಂಬುದನ್ನು ಮರೆಯಬಾರದು.

ಟೈರಿನ ವಿಷಯ ಕಠಿಣವಾದುದು. ಹಾಲೆಂಡಿನ ಹಾನ್ಸ್ ಪಸೇಕಾ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಸೂತ್ರವು ಪ್ರಖ್ಯಾತವಾಗಿದ್ದರೂ, ಅದರ ಗುಣಾಂಕಗಳು ವಿಶೇಷ ಪರೀಕ್ಷಾಯಂತ್ರದಿಂದಲೇ ದೊರೆಯತಕ್ಕವು. ಅದಿಲ್ಲದವರು ಎರವಲು ತರಲಿ. ಆದರೆ ಎರವಲೆಂದು ಬರೆದಿಡಲಿ. ಆಮೇಲೆ ತಿಳಿದ ತ್ರಿಜ್ಯದ ವೃತ್ತದಲ್ಲಿ ನಿಜವಾದ ಕಾರು ಜಾರದೆ ಎಷ್ಟು ವೇಗದಲ್ಲಿ ಸುತ್ತಬಲ್ಲದೆಂದು ನೋಡಿ, ಸಿಮ್ಯುಲೇಟರಿನ ಉತ್ತರದೊಡನೆ ಹೋಲಿಸಲಿ. ಅಂಕಿಗಳನ್ನು ತಿದ್ದಲು ಬಳಸಿದ ಪ್ರಯೋಗವನ್ನೇ ಅವುಗಳ ಸತ್ಯತೆಗೆ ಸಾಕ್ಷಿಯಾಗಿ ತರಲಾಗದು.

ಈ ಕೆಲಸಕ್ಕೆ ತೊಡಗುವ ವಿದ್ಯಾರ್ಥಿಗಳು ಮೊದಲು ಒಂದು ಪುಸ್ತಕದಲ್ಲಿ ಮೂರು ಅಂಕಣಗಳನ್ನು ಎಳೆಯಲಿ: ಅಳೆದದ್ದು, ಗಣಿಸಿದ್ದು, ಊಹಿಸಿದ್ದು. ಮೂರನೆಯ ಅಂಕಣವು ಕಿರಿದಾದಷ್ಟೂ ಪರದೆಯ ಕಾರು ನಿಜವಾದ ಕಾರಿಗೆ ಹತ್ತಿರವಾಗುವುದು.